ಜಯನಗರದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ದೂರ, ಕಾಲ ಮತ್ತು ಹೊಗೆಯ ಲೆಕ್ಕ

(ಬೆಂಗಳೂರಿನ ಜಯನಗರದಲ್ಲಿ ಮಲೆನಾಡು ಮೂಲದ ಕುಟುಂಬಗಳು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನಲ್ಲಿ ದೂರವನ್ನು ಅಳೆಯುವ ಮಾತುಗಳು ಹಲವು. ಪಕ್ಕದ ಮನೆ ಕೂಗಳತೆಯ ದೂರದಲ್ಲಿರುತ್ತದೆ. ಆಚೆಯ ಊರು ಒಂದು ಕವಳ ಜಗಿದು ಮುಗಿಸುವಷ್ಟು ದೂರ. ಪೇಟೆಗೆ ಇಷ್ಟು ಹರದಾರಿ, ಘಟ್ಟದ ಕೆಳಗಿನ ಬಂದರಿಗೆ ಇಷ್ಟು ಗಾವುದ ಎಂದು ಹಿರಿಯರು ಹೇಳುತ್ತಿದ್ದರು. ಈ ಅಳತೆಗಳಲ್ಲಿ ಒಂದು ವಿಶೇಷವಿತ್ತು. ಕೂಗಳತೆಯಲ್ಲಿ ಕೂಗುವವನ ಗಂಟಲಿನ ಶಕ್ತಿ ಸೇರಿತ್ತು. ಹರದಾರಿಯಲ್ಲಿ ನಡೆಯುವವನ ಕಾಲಿನ ನೋವು ಸೇರಿತ್ತು. ದೂರವನ್ನು ಹೇಳುವಾಗಲೇ ಅದನ್ನು ದಾಟಲು ಬೇಕಾದ ಶ್ರಮವೂ ಮಾತಿನೊಳಗೆ ಬರುತ್ತಿತ್ತು.

ಇಂದು ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಉದ್ಯಾನಗಳಲ್ಲಿ ಸಂಜೆಯ ಹೊತ್ತು ಹಿರಿಯರು ಕುಳಿತು ಮಾತನಾಡುವುದನ್ನು ಕೇಳಿದರೆ ಬೇರೊಂದು ಅಳತೆ ಕಿವಿಗೆ ಬೀಳುತ್ತದೆ. "ನಿಮ್ಮ ಮಗನ ಊರು ಎಷ್ಟು ಗಂಟೆಯ ದಾರಿ?" "ನೇರ ವಿಮಾನವಾದರೆ ಹದಿನಾರು, ಇಳಿದು ಹತ್ತಿದರೆ ಇಪ್ಪತ್ತೆರಡು." ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಸಾಗರ, ಸಿದ್ದಾಪುರಗಳಿಂದ ಬಂದು ದಕ್ಷಿಣ ಬೆಂಗಳೂರಿನಲ್ಲಿ ನೆಲೆನಿಂತ ಎಷ್ಟೋ ಕುಟುಂಬಗಳ ಮುಂದಿನ ತಲೆಮಾರು ಕ್ಯಾಲಿಫೋರ್ನಿಯದಲ್ಲಿದೆ. ಹಿಂದಿನ ತಲೆಮಾರು ಇನ್ನೂ ಅಡಿಕೆ ತೋಟದ ಮನೆಯಲ್ಲಿದೆ. ಹೀಗಾಗಿ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ದೂರ ಬಹಳಷ್ಟು ಮನೆಗಳ ಒಳಗಿನ ಸಂಗತಿಯಾಗಿದೆ. ಆ ದೂರವನ್ನು ಮೂರು ಬಗೆಯಲ್ಲಿ ಅಳೆಯಬಹುದು: ಕಿಲೋಮೀಟರಿನಲ್ಲಿ, ಗಂಟೆಯಲ್ಲಿ ಮತ್ತು ಸುಟ್ಟ ಇಂಧನದಲ್ಲಿ. ಮೊದಲೆರಡನ್ನು ಎಲ್ಲರೂ ವಿಚಾರಿಸುತ್ತಾರೆ. ಮೂರನೆಯದನ್ನು ವಿಚಾರಿಸುವವರು ವಿರಳ. ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ.

ದಾರದಿಂದ ಅಳೆಯುವ ದೂರ

ಮೊದಲು ಕಿಲೋಮೀಟರಿನ ಲೆಕ್ಕ. ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಬೆಂಗಳೂರಿನಿಂದ ಪೂರ್ವಕ್ಕೆ ಶಾಂತ ಸಾಗರವನ್ನು ದಾಟಿ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಅಡಿಪಟ್ಟಿಯಿಂದ ಗೆರೆ ಎಳೆದು, ಆ ಗೆರೆಯ ದಿಕ್ಕನ್ನೇ ಹಿಡಿದು ಸಾಗಿದರೆ ಸುಮಾರು 16,000 ಕಿ.ಮೀ. ಆಗುತ್ತದೆ. ಆದರೆ ಭೂಮಿ ಚಪ್ಪಟೆಯಲ್ಲ. ವಿದ್ಯಾರ್ಥಿಗಳು ಶಾಲೆಯ ಭೂಗೋಳವನ್ನು ತೆಗೆದುಕೊಂಡು ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿಯಲಿ. ದಾರವು ಪೂರ್ವಕ್ಕೆ ಹೋಗದೆ ಉತ್ತರಕ್ಕೆ ಸರಿದು, ಸೈಬೀರಿಯದ ಮೇಲೇರಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟಿ, ಅಲ್ಲಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಇಳಿಯುವುದು ಕಾಣುತ್ತದೆ. ಅದೇ ದಾರದಿಂದ ಸಮಭಾಜಕ ವೃತ್ತವನ್ನು ಅಳೆದರೆ ಪೂರ್ಣ ಸುತ್ತಿನ ಮೂರನೇ ಒಂದು ಭಾಗಕ್ಕಿಂತ ದಾರ ತುಸು ಉದ್ದವಿದೆ ಎಂದು ತಿಳಿಯುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆದ್ದರಿಂದ ಈ ದಾರಿ ಸುಮಾರು 14,000 ಕಿ.ಮೀ. ಗೋಲದ ಮೇಲೆ ಯಾವುದೇ ಎರಡು ಸ್ಥಳಗಳು ಪರಸ್ಪರ 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲಾರವು. ಅಂದರೆ ಭೂಮಿಯ ಮೇಲೆ ಸಾಧ್ಯವಿರುವ ಗರಿಷ್ಠ ದೂರದ ಹತ್ತರಲ್ಲಿ ಏಳು ಭಾಗವನ್ನು ಈ ಒಂದು ಪ್ರಯಾಣ ಕ್ರಮಿಸುತ್ತದೆ.

ವಿಮಾನ ಈ ದಾರದ ಮೇಲೆಯೇ ಹಾರುವುದಿಲ್ಲ. ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿಯ ಮೇಲೆ ತುರ್ತು ಸಂದರ್ಭದಲ್ಲಿ ಉಸಿರಾಟಕ್ಕೆ ಯೋಗ್ಯವಾದ ಎತ್ತರಕ್ಕೆ ಇಳಿಯಲು ಸ್ಥಳವಿಲ್ಲದ ಕಾರಣ ವಿಮಾನಗಳು ಸಾಮಾನ್ಯವಾಗಿ ಆ ಭಾಗವನ್ನು ಬಳಸಿಕೊಂಡು ಹೋಗುತ್ತವೆ. ರಾಜಕೀಯವೂ ದಾರಿಯನ್ನು ಉದ್ದ ಮಾಡುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಅಮೆರಿಕ ಮತ್ತು ಯುರೋಪಿನ ಹಲವು ದೇಶಗಳ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ನೆಲದ ಮೇಲಿನ ಜಗಳಕ್ಕೆ ಆಕಾಶದಲ್ಲಿ ಸುತ್ತುದಾರಿ. ಇನ್ನು ದುಬೈ, ಸಿಂಗಪುರ ಅಥವಾ ಫ್ರಾಂಕ್‌ಫರ್ಟಿನಲ್ಲಿ ಇಳಿದು ಹತ್ತುವವರ ದಾರಿಯು 15,700ರಿಂದ 16,800 ಕಿ.ಮೀ.ವರೆಗೆ ಬೆಳೆಯುತ್ತದೆ.

ಗಂಟೆಯಿಂದ ಅಳೆಯುವ ದೂರ

ಎರಡನೆಯದು ಕಾಲದ ಲೆಕ್ಕ. ದೊಡ್ಡ ವಿಮಾನಗಳ ಸಾಮಾನ್ಯ ವೇಗ ಗಂಟೆಗೆ ಸುಮಾರು 900 ಕಿ.ಮೀ. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಏರುವ, ಇಳಿಯುವ, ಬಳಸುವ ಸಮಯ ಸೇರಿದರೆ ಹದಿನಾರು. 2021ರ ಜನವರಿ 9ರ ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿನಿಂದ ಹಾರಿ ಜನವರಿ 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಅದರ ಚಾಲಕ ತಂಡದಲ್ಲಿ ಇದ್ದವರೆಲ್ಲ ಮಹಿಳೆಯರು. ಹಾರಾಟದ ಸಮಯ ಸುಮಾರು ಹದಿನೇಳು ಗಂಟೆ. ಪತ್ರಿಕೆಗಳು ಅದನ್ನು ಸಾಧನೆಯೆಂದು ಬಣ್ಣಿಸಿದವು. ವಿಮಾನ ಚಾಲನೆಯ ಕೌಶಲ್ಯದ ದೃಷ್ಟಿಯಿಂದ ಅದು ಸಾಧನೆಯೇ ಸರಿ.

ಹೋಗುವಾಗ ಹದಿನಾರು ಗಂಟೆ, ಬರುವಾಗ ಹದಿನೇಳಕ್ಕೂ ಹೆಚ್ಚು ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಮಶೀತೋಷ್ಣ ವಲಯದಲ್ಲಿ ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಕಿರಿದಾದ, ರಭಸದ ಗಾಳಿಯ ಹೊಳೆಗಳು ಹರಿಯುತ್ತವೆ. ಚಳಿಗಾಲದಲ್ಲಿ ಅವುಗಳ ವೇಗ ಗಂಟೆಗೆ 200 ಕಿ.ಮೀ. ದಾಟುವುದುಂಟು. ಪೂರ್ವಕ್ಕೆ ಹೋಗುವ ವಿಮಾನ ತುಂಬಿದ ಹೊಳೆಯಲ್ಲಿ ನೀರಿನೊಡನೆ ಸಾಗುವ ದೋಣಿಯಂತೆ. ಪಶ್ಚಿಮಕ್ಕೆ ಬರುವ ವಿಮಾನ ಅದೇ ಹೊಳೆಯಲ್ಲಿ ಎದುರು ಹುಟ್ಟು ಹಾಕುವ ದೋಣಿಯಂತೆ. ಆ ಹೊಳೆಯನ್ನು ತಪ್ಪಿಸಲೆಂದೇ ಮರಳುವ ವಿಮಾನ ಧ್ರುವದ ಕಡೆಗೆ ಸರಿಯುತ್ತದೆ.

ಗಡಿಯಾರದ ಆಟವೂ ಇದರಲ್ಲಿ ಸೇರಿದೆ. ಎರಡು ಊರುಗಳ ಗಡಿಯಾರಗಳ ನಡುವೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆಗಳ ವ್ಯತ್ಯಾಸ. ಬೆಂಗಳೂರಿನಲ್ಲಿ ಸೋಮವಾರ ಮಧ್ಯಾಹ್ನ ಹೊರಟವರು ಅಲ್ಲಿ ಸೋಮವಾರ ಸಂಜೆಯೇ ಇಳಿಯುತ್ತಾರೆ. ಚಳಿಗಾಲದಲ್ಲಾದರೆ ಗಡಿಯಾರ ಮೂರು ಗಂಟೆಯೂ ಕಳೆದಿಲ್ಲವೆಂದು ಹೇಳುತ್ತದೆ. ಆದರೆ ದೇಹದ ಒಳಗಿನ ಗಡಿಯಾರ ಅದನ್ನು ಒಪ್ಪುವುದಿಲ್ಲ. ಅದು ಹೊಸ ಊರಿನ ಹಗಲು ರಾತ್ರಿಗಳಿಗೆ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಹೊಂದಿಕೊಳ್ಳುತ್ತದೆ. ಎಪ್ಪತ್ತರ ಪ್ರಾಯದ ತಾಯಿ ಅಲ್ಲಿ ಇಳಿದ ಮೇಲೆ ಒಂದೂವರೆ ವಾರ ನಡುರಾತ್ರಿಯಲ್ಲಿ ಎದ್ದು ಕುಳಿತುಕೊಳ್ಳುವುದು ಇದೇ ಕಾರಣಕ್ಕೆ. ಹಾಗೆ ನೋಡಿದರೆ ದೇಹಕ್ಕೆ ಈ ದೂರ ಹದಿನಾರು ಗಂಟೆಯದಲ್ಲ, ಹತ್ತು ಹನ್ನೆರಡು ದಿನಗಳದು.

ಇನ್ನು ನೆಲದ ಮೇಲಿನ ದಾರಿ. ಹಳೆಯ ಎಚ್.ಎ.ಎಲ್. ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳ ನಿಯತ ಸಂಚಾರ 2008ರ ಮೇ ತಿಂಗಳಲ್ಲಿ ನಿಂತು, ದೇವನಹಳ್ಳಿಯ ನಿಲ್ದಾಣ ತೆರೆಯಿತು. ಅಂದಿನಿಂದ ಜಯನಗರ, ಬಿ.ಟಿ.ಎಂ. ಬಡಾವಣೆಗಳಿಂದ ವಿಮಾನ ನಿಲ್ದಾಣ ನಲವತ್ತು ಕಿ.ಮೀ.ಗೂ ದೂರ. ಆಕಾಶದಲ್ಲಿ ಮೂರು ನಿಮಿಷದಲ್ಲಿ ಸಾಗುವ ಈ ದೂರಕ್ಕೆ ನೆಲದ ಮೇಲೆ ಒಂದೂವರೆ ಗಂಟೆಯಿಂದ ಎರಡೂವರೆ ಗಂಟೆ ಬೇಕು. ಶೃಂಗೇರಿಯ ಕಡೆಯ ಹಳ್ಳಿಯಿಂದ ಹೊರಡುವವರಿಗೆ ಮುನ್ನೂರು ಕಿ.ಮೀ.ಗೂ ಹೆಚ್ಚು ದೂರದ ರಾತ್ರಿ ಬಸ್ಸು, ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಸ್ನಾನ ಊಟ, ನಿಲ್ದಾಣದಲ್ಲಿ ಮೂರು ಗಂಟೆ ಮುಂಚಿತವಾಗಿ ಹಾಜರಿ, ಇವೆಲ್ಲ ಸೇರಿ ಮನೆಯ ಬಾಗಿಲಿನಿಂದ ಮಗನ ಬಾಗಿಲಿಗೆ ಒಂದೂವರೆ ದಿನ ತಗಲುತ್ತದೆ. ಟಿಕೇಟಿನ ಮೇಲೆ ಅಚ್ಚಾದ ಗಂಟೆಗಳು ಪ್ರಯಾಣದ ಅರ್ಧ ಮಾತ್ರ.

ಹೆಬ್ಬಾಳದಲ್ಲಿ ನೆನಪಾಗಬೇಕಾದ ಪ್ರಯಾಣ

ದೇವನಹಳ್ಳಿಗೆ ಹೋಗುವ ಬಸ್ಸು ಹೆಬ್ಬಾಳವನ್ನು ದಾಟಿಯೇ ಹೋಗಬೇಕು. ಮಲೆನಾಡಿನವರು ಆ ಸ್ಥಳದಲ್ಲಿ ನೆನೆಯಬೇಕಾದ ಒಬ್ಬ ದೂರಪ್ರಯಾಣಿಕರಿದ್ದಾರೆ. ಕೆನಡಾದ ಡಾ. ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ವಿಮಾನಗಳಿಲ್ಲದ ಆ ಕಾಲದಲ್ಲಿ ಸಮುದ್ರದ ದಾರಿಯೊಂದೇ ಇತ್ತು. ಬಂದವರು ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಅದರ ಬಗ್ಗೆ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ಪರಿಚಯಿಸಿದರು. ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ ಅವರ ಕಾಲದಲ್ಲಿ, 1913ರಲ್ಲಿ ಆರಂಭವಾಯಿತು. 1934ರವರೆಗೆ ಅವರ ನಂಟು ಈ ನಾಡಿನೊಂದಿಗೆ ಉಳಿಯಿತು.

ದೂರದಿಂದ ಬಂದವರು ಕಾಲು ಶತಮಾನ ದುಡಿದುದರ ಫಲವನ್ನು ಮಲೆನಾಡಿನ ತೋಟಗಳು ಇಂದಿಗೂ ಉಣ್ಣುತ್ತಿವೆ. ದೀರ್ಘ ಪ್ರಯಾಣವನ್ನೇ ತಪ್ಪೆಂದು ಹೇಳುವ ಅಗತ್ಯವಿಲ್ಲ. ಅಂದಿನ ಪ್ರಯಾಣ ವಾರಗಟ್ಟಲೆಯದು, ಆದ್ದರಿಂದ ವಾಸವೂ ವರ್ಷಗಟ್ಟಲೆಯದು. ಇಂದು ಪ್ರಯಾಣ ಗಂಟೆಗಳಿಗೆ ಇಳಿದಿದೆ, ಅದರೊಡನೆ ವಾಸವೂ ವಾರಗಳಿಗೆ ಇಳಿದಿದೆ. ಹತ್ತು ದಿನಗಳ ಮದುವೆಗೆ, ನಾಲ್ಕು ದಿನಗಳ ಸಭೆಗೆ ಭೂಗೋಳದ ಮೂರನೇ ಒಂದು ಭಾಗವನ್ನು ಸುತ್ತಿ ಬರುವುದು ಸಹಜವೆನಿಸಿದೆ. ಗಂಟೆಯ ಅಳತೆ ದೂರವನ್ನು ಮರೆಸಿದೆ. ದೂರ ಮರೆತಲ್ಲಿ ಇಂಧನದ ಲೆಕ್ಕವೂ ಮರೆಯುತ್ತದೆ.

ಹೊಗೆಯಿಂದ ಅಳೆಯುವ ದೂರ

ಎತ್ತಿನ ಗಾಡಿಯ ದೂರಪ್ರಯಾಣವನ್ನು ನೆನಪಿಸಿಕೊಳ್ಳಬೇಕು. ದಾರಿಯುದ್ದಕ್ಕೂ ಮೇವು ಸಿಗದ ಸೀಮೆಯಲ್ಲಿ ಎತ್ತುಗಳಿಗೆ ಬೇಕಾದ ಹುಲ್ಲನ್ನೂ ಗಾಡಿಯಲ್ಲೇ ಹೇರಬೇಕು. ಹುಲ್ಲಿನ ಭಾರ ಹೆಚ್ಚಿದಂತೆ ಎತ್ತು ಹೆಚ್ಚು ದಣಿಯುತ್ತದೆ, ಹೆಚ್ಚು ಹುಲ್ಲು ಬೇಡುತ್ತದೆ. ಅತಿ ದೂರದ ವಿಮಾನದ ಸ್ಥಿತಿಯೂ ಇದೇ. 2021ರಲ್ಲಿ ಈ ದಾರಿಯಲ್ಲಿ ಹಾರಿದ ಬೋಯಿಂಗ್ 777 ಮಾದರಿಯ ವಿಮಾನದಲ್ಲಿ 238 ಆಸನಗಳಿದ್ದವು. ಪ್ರಯಾಣಿಕರನ್ನೂ ಅವರ ಗಂಟುಮೂಟೆಗಳನ್ನೂ ತಲಾ ನೂರು ಕಿಲೋ ಎಂದು ಹಿಡಿದರೆ ಒಟ್ಟು ಸುಮಾರು 24 ಟನ್. ಅಷ್ಟು ಜನರನ್ನು ಅಷ್ಟು ದೂರ ಒಯ್ಯಲು ಸುಡುವ ಇಂಧನ ಅಂದಾಜು 100ರಿಂದ 120 ಟನ್. ಮನುಷ್ಯರ ಭಾರಕ್ಕಿಂತ ಮೇವಿನ ಭಾರ ನಾಲ್ಕೈದು ಪಟ್ಟು!

ಒಂದು ಕಿಲೋ ವಿಮಾನ ಇಂಧನ ಸುಟ್ಟರೆ ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಇಂಧನದ ಇಂಗಾಲಕ್ಕೆ ಗಾಳಿಯ ಆಮ್ಲಜನಕ ಕೂಡುವುದರಿಂದ ಭಾರ ಹೆಚ್ಚುತ್ತದೆ. 110 ಟನ್ ಇಂಧನಕ್ಕೆ ಸುಮಾರು 350 ಟನ್ ಅನಿಲ. 238 ಆಸನಗಳಿಗೆ ಹಂಚಿದರೆ ಆಸನವೊಂದಕ್ಕೆ ಒಂದು ಬದಿಗೆ ಸುಮಾರು ಒಂದೂವರೆ ಟನ್, ಹೋಗಿ ಬರಲು ಮೂರು ಟನ್. ಭಾರತದ ಪ್ರಜೆಯೊಬ್ಬನ ಪಾಲಿಗೆ ಬರುವ ವಾರ್ಷಿಕ ಸರಾಸರಿ ಸುಮಾರು ಎರಡು ಟನ್. ಅಡುಗೆ, ವಿದ್ಯುತ್ತು, ಬಸ್ಸು, ಸಿಮೆಂಟು, ಕಾರ್ಖಾನೆ ಎಲ್ಲವೂ ಅದರಲ್ಲಿ ಸೇರಿವೆ. ಅಂದರೆ ಒಂದೇ ಒಂದು ಹೋಗಿ ಬರುವ ಪ್ರಯಾಣವು ಸರಾಸರಿ ಭಾರತೀಯನ ಒಂದೂವರೆ ವರ್ಷದ ಬದುಕಿನ ಹೊಗೆಗೆ ಸಮ. ಬೆಳೆದ ಮರವೊಂದು ವರ್ಷಕ್ಕೆ 20 ಕಿಲೋ ಅನಿಲವನ್ನು ಹೀರುತ್ತದೆಂದು ಹಿಡಿದುಕೊಂಡರೆ ಈ ಮೂರು ಟನ್ನನ್ನು ಹೀರಲು ನೂರೈವತ್ತು ಮರಗಳು ಒಂದು ವರ್ಷ ದುಡಿಯಬೇಕು. ವಿಮಾನ ಎತ್ತರದಲ್ಲಿ ಬಿಡುವ ನೀರಾವಿ ಹೆಪ್ಪುಗಟ್ಟಿ ಆಗುವ ಬಿಳಿಯ ಮೋಡದ ಗೆರೆಗಳೂ ಭೂಮಿಯ ಶಾಖವನ್ನು ಹಿಡಿದಿಡುತ್ತವೆ. ಅವು ಈ ಲೆಕ್ಕದಲ್ಲಿ ಸೇರಿಲ್ಲ.

ಲೆಕ್ಕಕ್ಕೆ ಸಿಗದ ಹೊಗೆ

ವಿಶ್ವದ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ವಿಮಾನಯಾನದ ಪಾಲು ಸುಮಾರು ಶೇ. 2.5. ಇಷ್ಟು ಸಣ್ಣ ಪಾಲಿಗೆ ಇಷ್ಟು ಚರ್ಚೆ ಏಕೆ ಎಂದು ಕೆಲವರು ಕೇಳುತ್ತಾರೆ. ಆ ಪಾಲನ್ನು ಎಷ್ಟು ಜನ ಸೇರಿ ಮಾಡುತ್ತಾರೆ ಎಂಬುದನ್ನು ನೋಡಿದರೆ ಉತ್ತರ ಸಿಗುತ್ತದೆ. 2018ರಲ್ಲಿ ವಿಶ್ವದ ಜನಸಂಖ್ಯೆಯ ಸುಮಾರು ಶೇ. 11ರಷ್ಟು ಮಂದಿ ಮಾತ್ರ ವಿಮಾನ ಹತ್ತಿದ್ದರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಶೇ. 1ರಷ್ಟು ಜನ ಅದರ ಅರ್ಧದಷ್ಟು ಹೊಗೆಗೆ ಕಾರಣರೆಂದೂ ಅದೇ ಅಧ್ಯಯನ ಹೇಳುತ್ತದೆ.

ಇನ್ನೊಂದು ಸಂಗತಿ ಗಮನಾರ್ಹ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹಾರುವ ವಿಮಾನದ ಹೊಗೆ ಯಾವ ದೇಶದ ಖಾತೆಗೆ ಸೇರುತ್ತದೆ? ಭಾರತದ ಖಾತೆಗೂ ಇಲ್ಲ, ಅಮೆರಿಕದ ಖಾತೆಗೂ ಇಲ್ಲ. 1997ರ ಕ್ಯೋಟೊ ಒಪ್ಪಂದವು ಅಂತರರಾಷ್ಟ್ರೀಯ ವಿಮಾನಗಳ ಹೊಗೆಯನ್ನು ದೇಶಗಳ ಗುರಿಯಿಂದ ಹೊರಗಿಟ್ಟು ಅದರ ಹೊಣೆಯನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ ಬಿಟ್ಟಿತು. ಆ ಸಂಸ್ಥೆ ಒಂದು ಪರಿಹಾರ ಯೋಜನೆಗೆ ಒಪ್ಪಿಗೆ ಕೊಡಲು 2016ರವರೆಗೆ ಕಾಯಬೇಕಾಯಿತು. ಭಾರತದ ಮಟ್ಟಿಗೆ ಆ ಯೋಜನೆ ಕಡ್ಡಾಯವಾಗುವ ಹಂತ 2027ರಿಂದ. ಅದೂ ಹೊಗೆಯನ್ನು ತಗ್ಗಿಸುವುದಕ್ಕಿಂತ ಬೇರೆಡೆಯ ಮರ ನೆಡುವಿಕೆ ಇತ್ಯಾದಿಗಳಿಂದ ಸರಿದೂಗಿಸುವುದನ್ನೇ ಹೆಚ್ಚು ನಂಬಿದೆ. ತೆರಿಗೆಯ ಕಥೆಯೂ ಹೀಗೆಯೇ. 1944ರ ಶಿಕಾಗೊ ಒಡಂಬಡಿಕೆ ವಿಮಾನದಲ್ಲಿ ತುಂಬಿ ತಂದ ಇಂಧನಕ್ಕೆ ಸುಂಕದಿಂದ ವಿನಾಯಿತಿ ನೀಡಿತು. ಮುಂದೆ ದೇಶದೇಶಗಳ ನಡುವಿನ ಒಪ್ಪಂದಗಳು ಆ ವಿನಾಯಿತಿಯನ್ನು ಬೆಳೆಸಿದವು. ತೋಟದಲ್ಲಿ ಕಳೆ ಕತ್ತರಿಸುವ ಯಂತ್ರಕ್ಕೆ ಒಂದು ಲೀಟರ್ ಪೆಟ್ರೋಲ್ ಕೊಳ್ಳುವ ರೈತ ಅದರ ಬೆಲೆಯೊಡನೆ ತೆರಿಗೆಯನ್ನೂ ಕೊಡುತ್ತಾನೆ. ಖಂಡಗಳನ್ನು ದಾಟುವ ವಿಮಾನದ ನೂರು ಟನ್ ಇಂಧನಕ್ಕೆ ಬಹುತೇಕ ಕಡೆ ಅಂತಹ ತೆರಿಗೆಯಿಲ್ಲ.

ಕೊಳೆರೋಗದ ತೋಟದಲ್ಲಿ

ಹೊಗೆಗೆ ಪಾಸ್‌ಪೋರ್ಟು ಬೇಡ. ಅದು ಎಲ್ಲರ ಗಾಳಿಯಲ್ಲಿ ಬೆರೆಯುತ್ತದೆ. ವಾತಾವರಣದ ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಕೈಗಾರಿಕಾ ಪೂರ್ವ ಕಾಲಕ್ಕೆ ಹೋಲಿಸಿದರೆ ಭೂಮಿಯ ಸರಾಸರಿ ಉಷ್ಣತೆ ಒಂದೂವರೆ ಡಿಗ್ರಿಗಿಂತ ಹೆಚ್ಚಿದ್ದ ಮೊದಲ ವರ್ಷ 2024. ಅಂತಹ ಗಾಳಿ ಅರಬ್ಬಿ ಸಮುದ್ರದಿಂದ ಬಂದು ಸಹ್ಯಾದ್ರಿಗೆ ಡಿಕ್ಕಿ ಹೊಡೆದಾಗ ಸುರಿಯುವ ಮಳೆಯ ಸ್ವಭಾವ ಬದಲಾಗುತ್ತದೆ. ತಿಂಗಳುಗಟ್ಟಲೆ ಹದವಾಗಿ ಹೊಯ್ಯುತ್ತಿದ್ದ ಮಳೆ ಕೆಲವೇ ದಿನಗಳಲ್ಲಿ ಸುರಿದು, ಬಳಿಕ ದೀರ್ಘವಾಗಿ ಬಿಡುವು ಕೊಡುವ ಸಂದರ್ಭಗಳು ಹೆಚ್ಚುತ್ತವೆ.

ಅಡಿಕೆ ಬೆಳೆಗಾರನಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಕೊಳೆರೋಗಕ್ಕೆ ಮೊದಲ ಔಷಧಿಯನ್ನು ಮಳೆಗಾಲ ಹಿಡಿಯುವ ಹೊತ್ತಿಗೆ, ಎರಡನೆಯದನ್ನು ನಲವತ್ತು ನಲವತ್ತೈದು ದಿನಗಳ ಬಳಿಕ ಹೊಡೆಯಬೇಕು. ಹೊಡೆಯಲು ಮಳೆ ಬಿಡುವು ಕೊಡಬೇಕು, ಕೊನೆ ಒಣಗಿರಬೇಕು, ಮರ ಏರುವ ಕೊನೆಗಾರ ಅದೇ ದಿನ ಸಿಗಬೇಕು. ಎರಡು ವಾರ ಎಡೆಬಿಡದೆ ಸುರಿದರೆ ಮೂರೂ ಕೂಡಿ ಬರುವುದಿಲ್ಲ. ಕೊಟ್ಟೆ ಕಟ್ಟುವ ಹಳೆಯ ಪದ್ಧತಿಗೆ ಬೇಕಾದಷ್ಟು ಆಳುಗಳೂ ಇಲ್ಲ. ಕಾಯಿ ಉದುರಿ ಮರದ ಬುಡ ಹಸಿರಾಗುತ್ತದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಮಲೆನಾಡಿನ ಅನೇಕ ತೋಟಗಳನ್ನು ಬಾಧಿಸಿದೆ. ಅದೂ ತೇವವನ್ನೇ ಆಶ್ರಯಿಸುವ ಶಿಲೀಂಧ್ರದ ಕೆಲಸ.

2018ರ ಆಗಸ್ಟ್‌ನಲ್ಲಿ ಕೊಡಗಿನ, 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದುದನ್ನು ಈ ಸಭೆಯಲ್ಲಿರುವವರು ಮರೆತಿರಲಾರರು. ಇವುಗಳಿಗೆ ವಿಮಾನವೇ ಕಾರಣವೆನ್ನುವುದು ವಿಜ್ಞಾನಕ್ಕೆ ದ್ರೋಹವಾಗುತ್ತದೆ. ಗುಡ್ಡ ಕಡಿದ ರಸ್ತೆಗಳು, ಕಾಡು ಕಡಿದ ಇಳಿಜಾರುಗಳು, ಬಂದ್ ಮಾಡಿದ ನೀರಿನ ದಾರಿಗಳು ಸ್ಥಳೀಯ ಕಾರಣಗಳು. ಅವುಗಳ ಮೇಲೆ ಬಿಸಿಯಾದ ಆಕಾಶ ಹೊರೆ ಹೇರುತ್ತದೆ. ಆ ಹೊರೆಯ ಒಂದು ಪಾಲು ವಿಮಾನದ್ದು. ವಿಷಾದದ ಸಂಗತಿಯೆಂದರೆ, ಆ ಪಾಲನ್ನು ಹೊರುವವರಲ್ಲಿ ಹೆಚ್ಚಿನವರು ಒಮ್ಮೆಯೂ ವಿಮಾನ ಹತ್ತಿದವರಲ್ಲ. ಅದಕ್ಕಿಂತಲೂ ನೋವಿನ ಸಂಗತಿಯೆಂದರೆ, ಒಂದೇ ಮನೆಯ ಮಗ ಆಕಾಶದಲ್ಲಿ ಹಾರುವಾಗ ಅದೇ ಮನೆಯ ತಂದೆ ಅಂಗಳದಲ್ಲಿ ನಿಂತು ಮಳೆ ಬಿಡುವುದನ್ನು ಕಾಯುತ್ತಿರುತ್ತಾನೆ.

ಬಾಣಂತನ ಮತ್ತು ಕೊನೆಯ ಮುಖ

ಹಾಗೆಂದು ಪ್ರೀತಿಯನ್ನು ಟನ್ನುಗಳಲ್ಲಿ ತೂಗಲಾಗದು. ಮಗಳ ಬಾಣಂತನಕ್ಕೆ ತಾಯಿ ಹೋಗುವುದು ಈ ನಾಡಿನ ಧರ್ಮ. ಜೀರಿಗೆ, ಓಮ, ಬಾಣಂತಿ ಲೇಹ್ಯಗಳನ್ನು ಕಟ್ಟಿಕೊಂಡು, ಇಂಗ್ಲಿಷ್ ಬಾರದಿದ್ದರೂ ಧೈರ್ಯ ಮಾಡಿ, ಕೈಯಲ್ಲಿ ವಿಳಾಸದ ಚೀಟಿ ಹಿಡಿದು ಭೂಗೋಳದ ಇನ್ನೊಂದು ಬದಿಗೆ ಹೊರಡುವ ತಾಯಿಯನ್ನು ತಡೆಯುವ ಹಕ್ಕು ಯಾವ ಚಳವಳಿಗೂ ಇಲ್ಲ. ಊರಿನಲ್ಲಿ ತಂದೆ ತೀರಿಕೊಂಡ ಸುದ್ದಿ ತಿಳಿದು ಮೊದಲು ಸಿಕ್ಕ ವಿಮಾನ ಹತ್ತುವ ಮಗನಿಗೆ ಹೊಗೆಯ ಲೆಕ್ಕ ಹೇಳುವುದು ಅಮಾನವೀಯ. ಮಲೆನಾಡಿನ ಮನೆಗಳ ಜಗುಲಿಯಲ್ಲಿ ಫ್ರೀಜರ್ ಪೆಟ್ಟಿಗೆಯೊಳಗೆ ದೇಹವನ್ನಿರಿಸಿ, ಮಗ ಎಲ್ಲಿಗೆ ತಲುಪಿದನೆಂದು ಫೋನಿನಲ್ಲಿ ವಿಚಾರಿಸುತ್ತಾ ಊರವರು ಎರಡು ದಿನ ಕಾಯುವುದು ಈಗ ಅಪರೂಪವಲ್ಲ. ಎರಡು ನಿಲ್ದಾಣಗಳ ನಡುವಿನ ನಿಜವಾದ ದೂರ ಅಂದು ಮನೆಯವರಿಗೆ ತಿಳಿಯುತ್ತದೆ.

ಆದ್ದರಿಂದ ಇಲ್ಲಿ ಬೇಕಾದುದು ನಿಷೇಧವಲ್ಲ, ವಿವೇಕ. ತಪ್ಪಿಸಲಾಗದ ಪ್ರಯಾಣವನ್ನೂ ತಪ್ಪಿಸಬಹುದಾದ ಪ್ರಯಾಣವನ್ನೂ ಬೇರ್ಪಡಿಸುವ ವಿವೇಕ ಅದು. ಪ್ರತಿ ವರ್ಷ ಮೂರು ವಾರಕ್ಕೆ ಬಂದು ಹೋಗುವ ಬದಲು ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಬಂದರೆ ಹೊಗೆ ಅರ್ಧವಾಗುತ್ತದೆ, ಜೊತೆಗೆ ಕಳೆಯುವ ದಿನಗಳು ಹೆಚ್ಚುತ್ತವೆ. ಮೊಮ್ಮಕ್ಕಳು ಮಳೆಗಾಲವನ್ನಾದರೂ ನೋಡುತ್ತಾರೆ. ದೂರದಿಂದ ಕೆಲಸ ಮಾಡುವ ಅವಕಾಶ ಇರುವವರಿಗೆ ಇದು ಕಷ್ಟವೇನೂ ಅಲ್ಲ. ಕಾಲು ಚಾಚಿ ಮಲಗುವ ದುಬಾರಿ ಆಸನ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಅದರ ಪಾಲಿನ ಹೊಗೆಯೂ ಹಲವು ಪಟ್ಟು. ಅನಾರೋಗ್ಯ, ವೃದ್ಧಾಪ್ಯಗಳಿಲ್ಲದವರು ಅದನ್ನು ಬಿಡಬಹುದು. ಒಂದೆರಡು ದಿನಗಳ ಸಭೆಗಳನ್ನು ಪರದೆಯ ಮೇಲೆಯೇ ನಡೆಸಬಹುದೆಂದು 2020ರ ಕೊರೊನಾ ಕಾಲವೇ ತೋರಿಸಿಕೊಟ್ಟಿದೆ.

ಹತ್ತಿರದ ನಿಲ್ದಾಣಗಳು

ದೂರದ ವಿಮಾನಕ್ಕೆ ಪರ್ಯಾಯವಿಲ್ಲ. ಹತ್ತಿರದ ವಿಮಾನಕ್ಕೆ ಪರ್ಯಾಯವಿದೆ. ಶಿವಮೊಗ್ಗದ ಸೋಗಾನೆಯಲ್ಲಿ ಮೂರು ಕಿ.ಮೀ.ಗೂ ಉದ್ದದ ಓಡುಹಾದಿಯ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿಗೆ ಬಂದಿಳಿಯಿತು. ಹಾರಾಟದ ಸಮಯ ಒಂದು ಗಂಟೆಯ ಆಸುಪಾಸು. ಜಯನಗರದವರು ಈ ವಿಮಾನ ಹಿಡಿಯಲು ದೇವನಹಳ್ಳಿಗೆ ಎರಡು ಗಂಟೆ, ಅಲ್ಲಿ ಕಾಯಲು ಒಂದೂವರೆ ಗಂಟೆ, ಹಾರಾಟ ಒಂದು ಗಂಟೆ, ಇಳಿದು ಪೇಟೆಗೆ ಅರ್ಧ ಗಂಟೆ ವ್ಯಯಿಸಿದರೆ ಒಟ್ಟು ಐದು ಗಂಟೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ವೇಗದ ರೈಲಿಗೂ ಐದು ಗಂಟೆಯ ಆಸುಪಾಸೇ ಬೇಕು. ಹೊಗೆಯ ಲೆಕ್ಕ ನೋಡಿದರೆ, ತುಂಬಿದ ಬಸ್ಸಿನಲ್ಲಿ ಒಬ್ಬರ ಪಾಲಿಗೆ ಸುಮಾರು 5 ಕಿಲೋ, ಸಣ್ಣ ವಿಮಾನದಲ್ಲಿ 25ರಿಂದ 30 ಕಿಲೋ. ಉಳಿಯದ ಸಮಯಕ್ಕಾಗಿ ಐದಾರು ಪಟ್ಟು ಹೊಗೆ. ಇದಕ್ಕೆ ಬದಲಾಗಿ ತಾಳಗುಪ್ಪದವರೆಗಿನ ರೈಲುಗಳನ್ನು ಹೆಚ್ಚಿಸಿ, ರಾತ್ರಿ ಬಸ್ಸುಗಳನ್ನು ಸುಧಾರಿಸಿದರೆ ಮಲೆನಾಡಿನ ಹೆಚ್ಚು ಜನಕ್ಕೆ ಉಪಯೋಗವಾಗುತ್ತದೆ.

ದಕ್ಷಿಣ ಬೆಂಗಳೂರಿನವರ ಮನೆಬಾಗಿಲಿಗೂ ಈ ಪ್ರಶ್ನೆ ಬಂದಿದೆ. ಬೆಂಗಳೂರಿಗೆ ಎರಡನೆಯ ವಿಮಾನ ನಿಲ್ದಾಣ ಬೇಕೆಂಬ ಪ್ರಸ್ತಾವದ ಮೇರೆಗೆ 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಕನಕಪುರ ರಸ್ತೆಯ ಬಳಿಯ ಎರಡು, ನೆಲಮಂಗಲ-ಕುಣಿಗಲ್ ರಸ್ತೆಯ ಬಳಿಯ ಒಂದು ಸ್ಥಳವನ್ನು ಪರಿಶೀಲಿಸಿತು. ಕನಕಪುರ ರಸ್ತೆಯಲ್ಲಿ ನಿಲ್ದಾಣವಾದರೆ ಬನಶಂಕರಿಯವರಿಗೆ ಒಂದೂವರೆ ಗಂಟೆ ಉಳಿಯಬಹುದು. ಆ ಒಂದೂವರೆ ಗಂಟೆಯ ಬೆಲೆಯನ್ನು ಕೊಡುವವರು ಬನ್ನೇರುಘಟ್ಟದ ಕಾಡಿನ ಆಸುಪಾಸಿನ, ರಾಗಿ, ರೇಷ್ಮೆ ಬೆಳೆಯುವ ಹಳ್ಳಿಗಳ ರೈತರು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ವಿಮಾನ ಉದ್ಯಮದ ಪಾರ್ಕಿಗಾಗಿ 1,777 ಎಕರೆ ಭೂಮಿ ಬಿಡಲು ಒಪ್ಪದೆ 2022ರ ಏಪ್ರಿಲ್‌ನಿಂದ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ನಿಲ್ದಾಣ ಬಂದಲ್ಲಿ ಅದರ ಬೇಲಿಯ ಆಚೆಗೂ ಭೂಮಿ ಕರಗುತ್ತದೆ ಎಂಬುದಕ್ಕೆ ಈ ಹೋರಾಟವೇ ಸಾಕ್ಷಿ. ಬಿ.ಟಿ.ಎಂ. ಎಂಬ ಮೂರಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಕರಗಿಹೋದುದನ್ನು ಕಂಡ ಬಡಾವಣೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳಿಗೊಂದು ಕೆಲಸ

ಕೊನೆಯದಾಗಿ ವಿದ್ಯಾರ್ಥಿ ಮಿತ್ರರಿಗೆ ಒಂದು ಸಣ್ಣ ಕೆಲಸ. ಊರಿನಲ್ಲಿ, ಬಂಧುಗಳಲ್ಲಿ ವಿಮಾನ ಪ್ರಯಾಣ ಮಾಡುವವರ ಪಟ್ಟಿ ಮಾಡಿರಿ. ಭೂಗೋಳದ ಮೇಲೆ ದಾರ ಹಿಡಿದು ಪ್ರತಿಯೊಂದು ಪ್ರಯಾಣದ ದೂರವನ್ನು ಅಳೆಯಿರಿ. ಅತಿ ದೂರದ ಪ್ರಯಾಣದಲ್ಲಿ ಸಾವಿರ ಕಿ.ಮೀ.ಗೆ ಒಬ್ಬರಿಗೆ ಸುಮಾರು ನೂರು ಕಿಲೋ ಹೊಗೆಯೆಂದು ಲೆಕ್ಕ ಹಾಕಿರಿ. ಅದರ ಪಕ್ಕದಲ್ಲಿ ಅದೇ ಊರಿನ ಹತ್ತು ತೋಟಗಳಲ್ಲಿ ಮಳೆಯ ಬಿಡುವು ಸಿಗದೆ ಔಷಧಿ ಹೊಡೆಯಲಾಗದ ದಿನಗಳನ್ನು ಬರೆಯಿರಿ. ಯಾರನ್ನೂ ದೂಷಿಸುವುದಕ್ಕಲ್ಲ. ಎರಡೂ ಲೆಕ್ಕಗಳು ಒಂದೇ ಪುಟದಲ್ಲಿ ಇರಲಿ ಎಂಬುದಕ್ಕಾಗಿ. ಮುಂದಿನ ಬಾರಿ ಊರಿಗೆ ಬರುವ ಅಣ್ಣ ಅಕ್ಕಂದಿರಿಗೆ ಆ ಪುಟವನ್ನು ತೋರಿಸಿರಿ. ಬಂದವರು ಒಂದು ವಾರ ಹೆಚ್ಚು ಉಳಿದರೂ, ಒಂದು ಪ್ರಯಾಣವನ್ನು ಬಿಟ್ಟರೂ ಆ ಪುಟ ಸಾರ್ಥಕ.

ಹರದಾರಿಯ ಕಾಲದಲ್ಲಿ ನಡೆದವನ ಕಾಲೇ ನೋಯುತ್ತಿತ್ತು. ವಿಮಾನದ ಕಾಲದಲ್ಲಿ ಹಾರಿದವನೊಬ್ಬ, ನೋಯುವವನು ಇನ್ನೊಬ್ಬ. ಈ ಅಂತರವನ್ನು ಕಡಿಮೆ ಮಾಡುವ ಕೆಲಸ ಮಲೆನಾಡಿನಲ್ಲೂ ಜಯನಗರದಲ್ಲೂ ಒಟ್ಟಿಗೆ ಆಗಬೇಕಾಗಿದೆ.